ಹೆಡ್ಜಿಂಗ್ ಎಂದರೇನು? ಚನ್ನಗಿರಿಯ ಖೇಣಿಯಲ್ಲಿದೆ ಉತ್ತರ

ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಹೆಡ್ಜಿಂಗ್, ಕೌಂಟರ್‌ಪಾರ್ಟಿ ರಿಸ್ಕ್, ಲಿಕ್ವಿಡಿಟಿ, ಬೇಸಿಸ್ ರಿಸ್ಕ್ ಮುಂತಾದ ಪದಗಳು ಮತ್ತೆ ಮತ್ತೆ ಎದುರಾಗುತ್ತವೆ. ಷೇರುಗಳಲ್ಲಿ ಹಣ ತೊಡಗಿಸುವ ಅನೇಕರಿಗೂ ಇವು ಕಬ್ಬಿಣದ ಕಡಲೆಯೇ. ಆದರೆ ಪದ ಹೊಸದಾದರೂ ವ್ಯವಹಾರ ಹಳೆಯದು. ದಾವಣಗೆರೆ ಜಿಲ್ಲೆಯ ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಅದಕ್ಕೆ ಖೇಣಿ ಎಂದು ಹೆಸರು. ಮಲೆನಾಡಿನಲ್ಲಿ ಚೇಣಿ ಎನ್ನುತ್ತಾರೆ.

ಕೊಯ್ಲಿಗೆ ಮುನ್ನವೇ ಬೆಳೆಗಾರನು ತನ್ನ ಫಸಲನ್ನು ಖೇಣಿದಾರನಿಗೆ ಒಪ್ಪಿಸುತ್ತಾನೆ. ಇಡೀ ತೋಟಕ್ಕೆ ಇಷ್ಟು ಎಂದೋ, ಕ್ವಿಂಟಲ್ ಹಸಿ ಅಡಿಕೆಗೆ ಇಷ್ಟು ಎಂದೋ ದರ ನಿಗದಿಯಾಗಿ ಮುಂಗಡ ಕೈಸೇರುತ್ತದೆ. ಮುಂದೆ ಧಾರಣೆ ಕುಸಿದರೆ ನಷ್ಟ ಖೇಣಿದಾರನದು, ಏರಿದರೆ ಲಾಭವೂ ಅವನದೇ. ಇದೇ ಹೆಡ್ಜಿಂಗ್. ಬೆಲೆಯ ಅಪಾಯ ಇದರಿಂದ ಮಾಯವಾಗುವುದಿಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾವಣೆಯಾಗುತ್ತದೆ, ಅಷ್ಟೇ. ಜಾಹೀರಾತುಗಳಲ್ಲಿ ಮರೆಯಾಗುವುದು ಈ ಮಾತೇ.

ಧಾರಣೆ ತೀರಾ ಇಳಿದಾಗ ಖೇಣಿದಾರ ಮಾತಿಗೆ ತಪ್ಪಿದರೆ? ಅದು ಕೌಂಟರ್‌ಪಾರ್ಟಿ ರಿಸ್ಕ್, ಅಂದರೆ ಎದುರು ಪಕ್ಷದವರು ಕೈಕೊಡುವ ಅಪಾಯ. ಮುಂಗಡ ಹೆಚ್ಚಿದ್ದಷ್ಟೂ ಬೆಳೆಗಾರನಿಗೆ ಈ ಭಯ ಕಡಿಮೆ.

ಖೇಣಿದಾರನಿಗೆ ಬೇರೊಂದು ಚಿಂತೆ. ಕೊಯ್ದು, ಸುಲಿದು, ಬೇಯಿಸಿ, ಒಣಗಿಸುವವರೆಗೂ ಹಣ ಹೊರಹೋಗುತ್ತಲೇ ಇರುತ್ತದೆ. ಇದಕ್ಕೆ ಬೇಕಾದದ್ದು ದುಡಿಯುವ ಬಂಡವಾಳ. ಗೋದಾಮಿನಲ್ಲಿ ಲಕ್ಷಾಂತರ ರೂಪಾಯಿಯ ಅಡಿಕೆ ಇದ್ದೂ ಕೂಲಿ ಕೊಡಲು ಕೈಯಲ್ಲಿ ಕಾಸಿಲ್ಲದಿದ್ದರೆ ಅದು ಲಿಕ್ವಿಡಿಟಿಯ ಕೊರತೆ. ಇಂತಹವನು ದಿವಾಳಿಯಲ್ಲ, ಆದರೆ ಸಾಲದ ಕಂತು ಈ ವ್ಯತ್ಯಾಸವನ್ನು ಕೇಳುವುದಿಲ್ಲ.

ಭದ್ರಾ ನಾಲೆಯ ನೀರು ಹರಿಯುವ ಚನ್ನಗಿರಿಯ ಗದ್ದೆಗಳು ಅನೇಕ ಕಡೆ ತೋಟಗಳಾಗಿವೆ. ರೈತ, ಕೂಲಿಕಾರ, ಸಹಕಾರ ಸಂಘ, ಪೇಟೆಯ ಅಂಗಡಿ ಎಲ್ಲವೂ ಒಂದೇ ಬೆಳೆಯನ್ನು ನೆಚ್ಚಿಕೊಳ್ಳುವುದಕ್ಕೆ ಕಾನ್ಸಂಟ್ರೇಶನ್ ರಿಸ್ಕ್ ಎಂದು ಹೆಸರು. ಒಂದರ ಬದಲು ಎರಡು ಅಡಿಕೆ ತೋಟ ಮಾಡಿದರೆ ಇದು ತಗ್ಗದು. ರಾಜ್ಯ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿದಾಗ ಬೆಳೆಗಾರರು ಆತಂಕಗೊಂಡರು. 2023ರಲ್ಲಿ ಕೇಂದ್ರವು ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251ರಿಂದ 351 ರೂ.ಗೆ ಏರಿಸಿದ್ದು ಅವರಿಗೆ ಆಸರೆಯಾಯಿತು. ಸರ್ಕಾರದ ಒಂದು ಸಹಿಯಿಂದ ಬರುವ ಇಂತಹ ಏರಿಳಿತಕ್ಕೆ ರೆಗ್ಯುಲೇಟರಿ ರಿಸ್ಕ್ ಎನ್ನುತ್ತಾರೆ.

ಹೊನ್ನಾಳಿ ಹಾಗೂ ಅದರಿಂದ 2018ರಲ್ಲಿ ಬೇರ್ಪಟ್ಟ ನ್ಯಾಮತಿ ತಾಲ್ಲೂಕುಗಳ ಮೆಕ್ಕೆಜೋಳ ಬೆಳೆಗಾರರಿಗೆ ಖೇಣಿಯಂತಹ ಆಸರೆಯಿಲ್ಲ. 2025-26ನೇ ಸಾಲಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂ. ಎಂದು ಘೋಷಣೆಯಾಗಿದ್ದರೂ ಕೊಯ್ಲಿನ ಹೊತ್ತಿಗೆ ರಾಜ್ಯದ ಮಾರುಕಟ್ಟೆಗಳಲ್ಲಿ ದರ ಅದಕ್ಕಿಂತ ಬಹಳ ಕೆಳಗಿಳಿದು, ರೈತರು ಬೀದಿಗಿಳಿದರು. ವಿಮೆ ಇಲ್ಲಿ ನೆರವಿಗೆ ಬಾರದು. ಫಸಲ್ ಬಿಮಾ ಯೋಜನೆ ಕಾಯುವುದು ಇಳುವರಿಯನ್ನು, ಬೆಲೆಯನ್ನಲ್ಲ. ಚೀಲ ತುಂಬಿದ್ದೂ ಜೇಬು ಖಾಲಿಯಾದರೆ ಪರಿಹಾರವಿಲ್ಲ.

ಮಳೆಯನ್ನೇ ನಂಬಿರುವ ಜಗಳೂರಿನಲ್ಲಿ ಈ ವಿಮೆಯೇ ಮುಖ್ಯ ರಕ್ಷಣೆ. 2016ರಲ್ಲಿ ಆರಂಭವಾದ ಯೋಜನೆಯಂತೆ ಮುಂಗಾರಿನ ಆಹಾರ ಮತ್ತು ಎಣ್ಣೆಕಾಳು ಬೆಳೆಗಳಿಗೆ ರೈತನ ಪಾಲು ವಿಮಾ ಮೊತ್ತದ ಗರಿಷ್ಠ ಶೇ 2. ಎಂದರೆ 20,000 ರೂ.ಗೆ 400 ರೂ. ಉಳಿದ ಕಂತನ್ನು ಸರ್ಕಾರಗಳು ಭರಿಸುತ್ತವೆ. ಆದರೆ ಸಾಮಾನ್ಯವಾಗಿ ನಷ್ಟವನ್ನು ಅಳೆಯುವುದು ಹೊಲದ ಲೆಕ್ಕದಲ್ಲಲ್ಲ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕಟಾವು ಪ್ರಯೋಗ ನಡೆಸಿ ಸರಾಸರಿ ತೆಗೆಯುತ್ತಾರೆ. ಪಂಚಾಯಿತಿಯ ಸರಾಸರಿ ಚೆನ್ನಾಗಿದ್ದು ತನ್ನ ಹೊಲ ಮಾತ್ರ ಒಣಗಿದ್ದರೆ ರೈತನಿಗೆ ಬಿಡಿಗಾಸೂ ಬಾರದು. ನಿಜವಾದ ನಷ್ಟಕ್ಕೂ ಅಳತೆಗೋಲಿಗೂ ನಡುವಿನ ಈ ಅಂತರವೇ ಬೇಸಿಸ್ ರಿಸ್ಕ್. ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಕೋಪಕ್ಕೆ ಮಾತ್ರ ಆಯಾ ಹೊಲವನ್ನೇ ಪರಿಶೀಲಿಸುವ ಅವಕಾಶವುಂಟು. ಅದಕ್ಕೆ 72 ಗಂಟೆಯೊಳಗೆ ಮಾಹಿತಿ ನೀಡಬೇಕು.