ತಗಡಿನ ಮನೆಗೆ ತಂಪು

ತೋಟದ ಕಾವಲಿಗೆಂದು ನಾಲ್ಕು ಗೋಡೆಗಳನ್ನೆಬ್ಬಿಸಿ ಸತುವಿನ ತಗಡು ಹೊದಿಸಿದ ಮನೆಗಳು ನಮ್ಮ ಬಯಲುಸೀಮೆಯಲ್ಲಿ ಹೇರಳವಾಗಿವೆ. ಕಟ್ಟುವುದು ಸುಲಭ, ವೆಚ್ಚವೂ ಅಲ್ಪ. ಆದರೆ ವೈಶಾಖದ ಮಧ್ಯಾಹ್ನ ಅವುಗಳೊಳಗೆ ಹಸುಗೂಸನ್ನು ಮಲಗಿಸಿಕೊಂಡ ತಾಯಿಯ ಪಾಡನ್ನು ಬಲ್ಲವರೇ ಬಲ್ಲರು.

ಶಾಖವು ಲೋಹದಲ್ಲಿ ಬೇಗನೆ ಹರಿಯುತ್ತದೆ. ಅಲುಗಾಡದೆ ನಿಂತ ಗಾಳಿಯಲ್ಲಿ ಬಹು ನಿಧಾನವಾಗಿ. ಹುಲ್ಲು, ಹತ್ತಿ, ಕಂಬಳಿ ಇವೆಲ್ಲವೂ ಶಾಖವನ್ನು ತಡೆಯುವುದು ತಮ್ಮ ಎಳೆಗಳ ನಡುವೆ ಸೆರೆಹಿಡಿದ ಗಾಳಿಯ ಬಲದಿಂದಲೇ. ಅಂಗಡಿಯ ಥರ್ಮಾಕೋಲಿನಲ್ಲಿಯೂ 100ಕ್ಕೆ 95 ಪಾಲಿಗಿಂತ ಹೆಚ್ಚು ಗಾಳಿಯೇ! ಹಣ ತೆತ್ತು ಗಾಳಿಯನ್ನು ಕೊಳ್ಳುವ ಕಾಲ ಬಂದಿತೆಂದು ಹಿರಿಯರು ನಕ್ಕರೆ ತಪ್ಪೇನು?

ಮೊದಲು ತಗಡಿನ ಮೇಲೆ ಬಿಳಿಯ ಬಣ್ಣವನ್ನು ಬಳಿಯಿಸಬೇಕು; ಬಿಸಿಲಿನ ಬಹುಭಾಗ ಅಲ್ಲಿಂದಲೇ ಹಿಂದಿರುಗುವುದು. ಹಸಿ ಸುಣ್ಣವು ಸತುವನ್ನು ತಿನ್ನುವುದುಂಟಾದುದರಿಂದ ತಗಡಿಗೆಂದೇ ಮಾಡಿದ ಬಣ್ಣ ಲೇಸು. ಅನಂತರ ಒಳಗಡೆ, ತಗಡಿಗಿಂತ ಒಂದು ಗೇಣು ಕೆಳಗೆ, ಬಿದಿರಿನ ತಟ್ಟಿಯನ್ನು ಬಿಗಿದು ಅದಕ್ಕೆ ಮಣ್ಣು ಸಗಣಿಗಳನ್ನು ಮೆತ್ತಬೇಕು. ತಗಡಿಗೂ ತಟ್ಟಿಗೂ ನಡುವೆ ಎದುರುಬದುರಾಗಿ ಕಿಂಡಿಗಳಿದ್ದರೆ ಕಾದ ಗಾಳಿಯು ತಾನಾಗಿ ಹೊರಬೀಳುತ್ತದೆ. ತಟ್ಟಿಗೆ ಬಿದಿರು, ಮಣ್ಣು, ಎರಡು ದಿನದ ಮೈಬೆವರು ಇಷ್ಟೇ ಸಾಕು. ಕಿಂಡಿಗಳಿಗೆ ಜಾಲರಿಯನ್ನು ಮರೆತರೆ ಮಾತ್ರ ಇಲಿ ಬರುವುದು. ಇಲಿಯ ಹಿಂದೆ ಹಾವು.

ತೆರೆದ ಥರ್ಮಾಕೋಲನ್ನು ಒಲೆಯಿರುವ ಮನೆಯ ಮಾಡಿಗೆ ಹೊಡೆಯುವುದನ್ನು ನಾವು ಒಪ್ಪೆವು. ಅದು ಬೆಂಕಿಗೆ ಬೇಗ ಕರಗಿ ಉರಿಯುತ್ತ ತೊಟ್ಟಿಕ್ಕುತ್ತದೆ, ಹೊಗೆಯೂ ವಿಷ. ಒಣಹುಲ್ಲನ್ನು ತುರುಕುವವರಿಗೂ ಇದೇ ಎಚ್ಚರಿಕೆ. ಮೇಲಾಗಿ, ಸೋರುವ ಮಾಡಿನಡಿ ಹುಲ್ಲು ನೆನೆದರೆ ಗಾಳಿಯಿದ್ದೆಡೆ ನೀರು ಸೇರಿ ತಡೆಯುವ ಶಕ್ತಿಯೇ ಕುಂದುವುದು. ಆದುದರಿಂದ ತಗಡಿನ ಮೊಳೆರಂಧ್ರಗಳನ್ನು ಮುಚ್ಚಿಸಿದ ಮೇಲೆಯೇ ತಟ್ಟಿ ಕಟ್ಟುವ ಆಳನ್ನು ಕರೆಯಿರಿ.