ಚಾಲಕನೋ, ಕಂಪ್ಯೂಟರೋ: ಆಗಸದಲ್ಲಿ ಅಧಿಕಾರ ಯಾರದು?

ಚಾಲಕನು ಹಿಡಿಯನ್ನು ಎಳೆದೊಡನೆ ಉಕ್ಕಿನ ಹುರಿಗಳೂ ರಾಟೆಗಳೂ ಆ ಎಳೆತವನ್ನು ರೆಕ್ಕೆಬಾಲಗಳ ಪಟ್ಟಿಗಳಿಗೆ ಒಯ್ಯುತ್ತಿದ್ದ ಕಾಲದಲ್ಲಿ, ವಿಮಾನದ ಒಡೆಯನಾರೆಂದು ಯಾರೂ ಕೇಳುತ್ತಿರಲಿಲ್ಲ. 1988ರಲ್ಲಿ ಸೇವೆಗೆ ಬಂದ ಏರ್‌ಬಸ್ ಎ-320 ಈ ಪ್ರಶ್ನೆಯನ್ನು ಪ್ರಯಾಣಿಕ ವಿಮಾನಯಾನದ ನಡುವೆ ತಂದು ನಿಲ್ಲಿಸಿತು. ಅದರ ಫ್ಲೈ-ಬೈ-ವೈರ್ ಎಂಬ ವ್ಯವಸ್ಥೆಯಲ್ಲಿ, ಚಾಲಕನ ಪಕ್ಕದ ಹಿಡಿಯಾದ ಸೈಡ್‌ಸ್ಟಿಕ್ಕಿನ ಚಲನೆ ವಿದ್ಯುತ್ಸಂಕೇತವಾಗಿ ಕಂಪ್ಯೂಟರುಗಳನ್ನು ಸೇರುತ್ತದೆ. ಅವು ಸಮ್ಮತಿಸಿದಷ್ಟನ್ನೇ ವಿಮಾನ ನೆರವೇರಿಸುತ್ತದೆ. ಎಲ್ಲವೂ ಸುಸ್ಥಿತಿಯಲ್ಲಿರುವಾಗ ಚಾಲಕನು ಎಷ್ಟೇ ಒತ್ತಿದರೂ ಎ-320 67 ಡಿಗ್ರಿಗಿಂತ ಹೆಚ್ಚು ಪಕ್ಕಕ್ಕೆ ವಾಲದು. ಬೋಯಿಂಗ್ 777 ಬೇರೆ ಮತದ್ದು: ಮಿತಿ ಸಮೀಪಿಸಿದಾಗ ಹಿಡಿ ಬಿಗಿಯಾಗಿ ಎಚ್ಚರಿಸುತ್ತದಾದರೂ, ಬಲಪ್ರಯೋಗದಿಂದ ಅದನ್ನು ಮೀರುವ ಸ್ವಾತಂತ್ರ್ಯವನ್ನು ಚಾಲಕನಿಗೆ ಉಳಿಸಿದೆ.

ಕಂಪ್ಯೂಟರನ್ನು ಹಳಿಯುವವರು ಬೆಂಗಳೂರಿನಲ್ಲಿ ರೂಪುಗೊಂಡು 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ಸನ್ನು ನೆನೆಯಬೇಕು. ಚುರುಕಿಗಾಗಿ ಸ್ವಭಾವತಃ ಅಸ್ಥಿರವಾಗಿಯೇ ನಿರ್ಮಿತವಾದ ಆ ಯುದ್ಧವಿಮಾನವು ಕಂಪ್ಯೂಟರುಗಳ ನಿರಂತರ ತಿದ್ದುಪಡಿಯಿಲ್ಲದೆ ಮನುಷ್ಯನ ಕೈಗೆ ದಕ್ಕುವಂಥದಲ್ಲ.

ಹಾಗಿದ್ದರೆ ಅಪಾಯವೆಲ್ಲಿ? ಚಾಲಕ, ಕಂಪ್ಯೂಟರು ಈ ಇಬ್ಬರಲ್ಲಿ ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯದ ಗಳಿಗೆಯಲ್ಲಿ. 1990ರ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಎ-320, ಬೆಂಗಳೂರಿನ ಹಳೆಯ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕಪ್ಪಳಿಸಿ 92 ಮಂದಿ ಮಡಿದರು. ಸ್ವಯಂಚಾಲನೆಯು ಎಂಜಿನ್ನುಗಳನ್ನು ಕನಿಷ್ಠ ಶಕ್ತಿಯಲ್ಲಿರಿಸುವ ಇಳಿಕೆಯ ಕ್ರಮದಲ್ಲಿದ್ದು, ವೇಗ ಕುಂದುತ್ತಿದೆಯೆಂಬುದು ಚಾಲಕರ ಅರಿವಿಗೆ ಬರುವಷ್ಟರಲ್ಲಿ ಹೊತ್ತು ಮೀರಿತ್ತು.

ರಿಯೊದಿಂದ ಪ್ಯಾರಿಸ್ಸಿಗೆ ಹೊರಟು 2009ರ ಜೂನ್ 1ರಂದು ದುರಂತಕ್ಕೀಡಾದ ಏರ್ ಫ್ರಾನ್ಸ್ 447ರ ಕಥೆ ಇನ್ನೂ ದಾರುಣ. ವೇಗವಳೆಯುವ ಪಿಟೋ ಕೊಳವೆಗಳಲ್ಲಿ ಹಿಮಕಣ ಕಟ್ಟಿದೊಡನೆ, ಅಂಕಿಗಳನ್ನು ನಂಬಲಾಗದ ಕಂಪ್ಯೂಟರುಗಳು ಆಟೊಪೈಲಟನ್ನು ಕಳಚಿ, ಕೆಲವು ರಕ್ಷಣೆಗಳನ್ನೂ ಹಿಂತೆಗೆದು, ಅಟ್ಲಾಂಟಿಕ್ ಸಾಗರದ ಮೇಲಿನ ಕಗ್ಗತ್ತಲಲ್ಲಿ ವಿಮಾನವನ್ನು ಮನುಷ್ಯರಿಗೆ ಒಪ್ಪಿಸಿದವು. ಸಹಚಾಲಕನು ಹಿಡಿಯನ್ನು ಹಿಂದಕ್ಕೆಳೆದನು. ವಿಮಾನ ಮೇಲೇರಿ ಸ್ಟಾಲ್ ಆಯಿತು, ಅಂದರೆ ರೆಕ್ಕೆಗಳು ತಮ್ಮ ಎತ್ತುವ ಶಕ್ತಿಯನ್ನು ಕಳೆದುಕೊಂಡವು. ವೇಗದ ಅಂಕಿ 60 ನಾಟಿಗಿಂತ ಕೆಳಗಿಳಿದಾಗ ಕಂಪ್ಯೂಟರು ಅದನ್ನು ಅಸಿಂಧುವೆಂದೆಣಿಸಿ ಸ್ಟಾಲ್ ಎಚ್ಚರಿಕೆಯನ್ನು ನಿಲ್ಲಿಸುತ್ತಿತ್ತು. ಮೂತಿಯನ್ನು ತಗ್ಗಿಸಿ ಸರಿಯಾದುದನ್ನು ಮಾಡಹೊರಟರೆ ಎಚ್ಚರಿಕೆ ಮರಳಿ ಮೊಳಗುತ್ತಿತ್ತು. ಎರಡು ಸೈಡ್‌ಸ್ಟಿಕ್ಕುಗಳಿಗೂ ಪರಸ್ಪರ ಜೋಡಣೆಯಿಲ್ಲದುದರಿಂದ ಒಬ್ಬನ ಎಳೆತ ಇನ್ನೊಬ್ಬನ ಕೈಗೆ ತಾಕುವಂತಿರಲಿಲ್ಲ. ಐದು ನಿಮಿಷವೂ ಕಳೆಯುವ ಮುನ್ನ 228 ಜೀವಗಳು ಸಾಗರದ ಪಾಲಾದವು.

ಯಂತ್ರವು ದಣಿಯದೆ ಕಾಯುತ್ತದೆ, ನಿಜ. ಆದರೆ ತನ್ನ ಇಂದ್ರಿಯಗಳು ಸುಳ್ಳಾಡಿದಾಗ ಅದು ಕೈಚೆಲ್ಲುತ್ತದೆ. ವರ್ಷಗಟ್ಟಲೆ ಅದನ್ನು ನೆಚ್ಚಿ ಕೈಚಳಕ ಮರೆತವನಿಗೆ, ಅತ್ಯಂತ ಕಠಿಣವಾದ ಆ ಗಳಿಗೆಯಲ್ಲಿಯೇ ಭಾರವೆಲ್ಲ ವರ್ಗವಾಗುತ್ತದೆ. ಅಮೆರಿಕದ ವಿಮಾನಯಾನ ಆಡಳಿತವು 2013ರಲ್ಲಿ, ಸಂದರ್ಭ ಒದಗಿದಾಗ ಚಾಲಕರು ಕೈಯಿಂದಲೇ ಹಾರಿಸುವುದನ್ನು ಪ್ರೋತ್ಸಾಹಿಸಿರೆಂದು ಸಂಸ್ಥೆಗಳಿಗೆ ಸಲಹೆಯಿತ್ತುದು ಇದನ್ನರಿತೇ. ಅಧಿಕಾರವನ್ನು ಯಂತ್ರದೊಡನೆ ಎಷ್ಟಾದರೂ ಹಂಚಿಕೊಳ್ಳಬಹುದು, ಹೊಣೆ ಮನುಷ್ಯನದೇ. ಆದುದರಿಂದ ಅಭ್ಯಾಸವೂ ಅವನದೇ ಆಗಿರಬೇಕು.