ಓಟಿಪಿ ಯಾರ ಫೋನಿಗೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಸಣ್ಣ ಮಾಲೀಕರ ಸಂಬಳದ ಲೆಕ್ಕ ಬರೆಯುವವನು ನಾನು. ಪ್ರತಿ ತಿಂಗಳು ಟಿಡಿಎಸ್ ಸಾಮಾನ್ಯವಾಗಿ 7ಕ್ಕೆ, ಪಿಎಫ್ 15ಕ್ಕೆ, ವೃತ್ತಿ ತೆರಿಗೆ 20ಕ್ಕೆ, ತಪ್ಪಿದರೆ ಬಡ್ಡಿ. ಈ ಹಣ ಮಾಲೀಕರ ಖಾತೆಯಿಂದ ತಾನಾಗಿಯೇ ಕಡಿತವಾದರೆ ನನಗೇನೋ ಹಾಯಿ. ಆದರೆ ಅಡಿಕೆ ವ್ಯಾಪಾರಿಯ ಕೈಯಲ್ಲಿ ದುಡ್ಡಾಡುವುದು ಕೊಯ್ಲಿನ ಕಾಲದಲ್ಲಿ. ಖಾತೆ ಬರಿದಾಗಿದ್ದ ದಿನ ಕಡಿತಕ್ಕೆ ಬಂದರೆ ಬ್ಯಾಂಕಿನ ದಂಡವೂ ಬೀಳುತ್ತದೆ. ಜಗಳೂರಿನಲ್ಲಿ ಹೊಲಿಗೆ ಘಟಕ ನಡೆಸುವ ಅಕ್ಕನಿಗೆ ಕಡಿತದ ಒಪ್ಪಿಗೆಯ ಓಟಿಪಿ ಬರುವುದು ಮಗನ ಫೋನಿಗೆ. "ನನ್ ದುಡ್ಡಿಗೆ ಅವನ್ನ ಕೇಳ್ಬೇಕೇನ್ರಿ?" ಎನ್ನುತ್ತಾರೆ. ಸರಿಯಾದ ಪ್ರಶ್ನೆಯೇ. ಹೊನ್ನಾಳಿಯ ದೃಷ್ಟಿಹೀನ ಗಿರಣಿ ಮಾಲೀಕರಿಗಂತೂ ಪೋರ್ಟಲ್‌ನ ಕ್ಯಾಪ್ಚಾದ ಸೊಟ್ಟ ಅಕ್ಷರಗಳೇ ಅಡ್ಡಗೋಡೆ. ಡಿಜಿಟಲ್ ಸೇವೆ ಅಂಗವಿಕಲರಿಗೂ ಎಟುಕಬೇಕೆಂದು 2016ರ ಕಾಯ್ದೆಯೇ ಹೇಳಿದೆ. ಸ್ವಯಂ ಕಡಿತ ಬರಲಿ, ಬೇಕಾದವರು ಆರಿಸಿಕೊಳ್ಳಲಿ. ಕನ್ನಡದ ಒಪ್ಪಿಗೆ ಪತ್ರ, ಕಡಿತಕ್ಕೆ ಮುನ್ನ ಕರೆ, ಬ್ಯಾಂಕಿನಲ್ಲಿ ಚಲನ್ ಕಟ್ಟುವ ದಾರಿ ಮೂರೂ ಇರಲಿ.